ಎಣ್ಣೆ ನೋಡುವ ಕಣ್ಣು

ಚಾಮರಾಜನಗರದ ಸುತ್ತಮುತ್ತ ಕರಿಕಲ್ಲಿನ ಗಣಿಗಳನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ದೊಡ್ಡ ದೊಡ್ಡ ವಸ್ತುಗಳೇ. ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದು ಇಳಿದಿರುವ ಕಂದಕ, ಮನೆಯ ಕೋಣೆಯಷ್ಟು ಗಾತ್ರದ ದಿಮ್ಮಿಗಳು, ವಜ್ರದ ಮಣಿಗಳನ್ನು ಪೋಣಿಸಿದ ಉಕ್ಕಿನ ತಂತಿ ಕಲ್ಲಿನೊಳಗೆ ಇಳಿಯುತ್ತ ಹೋಗುವ ಸೋಜಿಗ, ಇವುಗಳನ್ನು ಕಂಡು ಬೆರಗಾಗಿ ಅವರು ಹಿಂದಿರುಗುತ್ತಾರೆ. ದಂಡೆಯ ಮೇಲೆ ನಿಂತು ಬೆಳಗಿನಿಂದ ಸಂಜೆಯವರೆಗೆ ಗುಡುಗುಟ್ಟುವ ಕಂಪ್ರೆಸರ್ ಯಂತ್ರದ ಹೊಟ್ಟೆಯಲ್ಲಿ ಹಳೆಯ ಎಂಟಾಣೆ ನಾಣ್ಯದಷ್ಟು ಅಗಲದ ಒಂದು ದುಂಡು ಗಾಜು ಇರುತ್ತದೆ. ಅದರ ಕಡೆ ಯಾರ ದೃಷ್ಟಿಯೂ ಹರಿಯುವುದಿಲ್ಲ. ಹರಿಯಬೇಕಾದ ಅಗತ್ಯವೂ ಇಲ್ಲ. ಆ ಕೆಲಸಕ್ಕೆಂದು ನೇಮಕವಾದ ಒಬ್ಬನು ನೋಡಿದರೆ ಸಾಕು. ಆದರೆ ಅವನು ಮಾತ್ರ ನೋಡಲೇಬೇಕು.

ಮೆಕ್ಯಾನಿಕ್ಕುಗಳು ಆ ಗಾಜನ್ನು ಸೈಟ್ ಗ್ಲಾಸು ಎಂದು ಕರೆಯುತ್ತಾರೆ. ಅನೇಕ ಯಂತ್ರಗಳಲ್ಲಿ ಅದರ ನಡುವೆ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಗುರುತಿರುತ್ತದೆ. ಒಳಗಿನ ಎಣ್ಣೆಯ ಮಟ್ಟ ಆ ಬೊಟ್ಟಿನ ನಡುವಿಗೆ ಬಂದಿದ್ದರೆ ಎಲ್ಲವೂ ಕ್ಷೇಮ. ನೋಡುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಕಾಸು ಖರ್ಚಿಲ್ಲ, ವಿದ್ಯೆ ಬೇಕಿಲ್ಲ ಎಂದು ಮೇಲುನೋಟಕ್ಕೆ ತೋರುತ್ತದೆ. ಕಾಸಿನ ಖರ್ಚಿಲ್ಲವೆಂಬುದು ನಿಜ. ವಿದ್ಯೆ ಬೇಕಿಲ್ಲವೆಂಬುದು ಮಾತ್ರ ಶುದ್ಧ ಸುಳ್ಳು.

ಯಂತ್ರದಲ್ಲಿ ಎಣ್ಣೆ ಮಾಡುವ ಕೆಲಸವಾದರೂ ಏನು? ಜಾರಿಸುವುದು ಎಂದು ಮಕ್ಕಳೂ ಹೇಳಿಯಾರು. ಆದರೆ ಅದು ಹೇಗೆ ಜಾರಿಸುತ್ತದೆ ಎಂಬುದು ತಿಳಿದುಬಂದದ್ದು ಕೇವಲ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಕುರಿತು ಪ್ರಯೋಗಗಳನ್ನು ನಡೆಸಿ 1883ರಲ್ಲಿ ವರದಿ ಒಪ್ಪಿಸಿದನು. ತಿರುಗುವ ಅಚ್ಚಿನ ಮೇಲೆ ಕೂತ ಹಿತ್ತಾಳೆಗೆ ಎಣ್ಣೆ ಬಿಡುವುದಕ್ಕೆಂದು ಅವನು ಮೇಲ್ಗಡೆಯಿಂದ ಒಂದು ತೂತು ಕೊರೆಸಿದ್ದನು. ಯಂತ್ರವನ್ನು ನಡೆಸಿದಾಗ ಎಣ್ಣೆ ಆ ತೂತಿನೊಳಗೆ ಇಳಿಯುವುದಕ್ಕೆ ಬದಲಾಗಿ ಹೊರಕ್ಕೆ ಉಕ್ಕತೊಡಗಿತು. ಬಿರಡೆ ಜಡಿದರೆ ಬಿರಡೆಯನ್ನೇ ನೂಕಿತು. ಮರದ ಬೆಣೆ ಹೊಡೆದರೆ ಅದನ್ನೂ ಎತ್ತಿ ಹಾಕಿತು. ಕೊನೆಗೆ ಒತ್ತಡ ಅಳೆಯುವ ಗಡಿಯಾರವನ್ನು ಅಲ್ಲಿ ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗೆರೆಯನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರದ ಸರಾಸರಿ ಅದರ ಅರ್ಧದಷ್ಟೇ. ಮೂರು ವರ್ಷಗಳ ತರುವಾಯ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಎಂಬ ಪ್ರಾಧ್ಯಾಪಕನು ಇದರ ಗಣಿತವನ್ನು ಬಿಡಿಸಿ ತೋರಿಸಿದನು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಹಾಗೆ ಸಿಕ್ಕಿಬಿದ್ದ ಎಣ್ಣೆ ಅಚ್ಚನ್ನೇ ಮೇಲೆತ್ತಿ ಹಿಡಿಯುತ್ತದೆ. ಎಂದರೆ, ಸರಿಯಾಗಿ ನಡೆಯುತ್ತಿರುವ ಇಂಥ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ಮುಟ್ಟುವುದೇ ಇಲ್ಲ. ಟನ್ನುಗಟ್ಟಲೆ ಭಾರವು ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ.

ಆ ಪದರ ಹರಿದ ಕ್ಷಣದಲ್ಲಿ ಲೋಹಗಳೆರಡೂ ತಿಕ್ಕಾಡುತ್ತವೆ, ಕಾಯುತ್ತವೆ, ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಬೇರಿಂಗು ಕಚ್ಚಿಕೊಂಡ ಯಂತ್ರವೆಂದರೆ ಗಣಿಯಲ್ಲಿ ವಾರಗಟ್ಟಲೆ ಕೆಲಸ ನಿಂತಂತೆ. ಮಾಲೀಕನಿಗೆ ಅದು ಲೆಕ್ಕದ ಪುಸ್ತಕದಲ್ಲಿ ಒಂದು ನಷ್ಟ. ದಿನಗೂಲಿಯವನಿಗೆ ಅದು ಮನೆಯ ಒಲೆಯ ಪ್ರಶ್ನೆ.

ಈ ಸೀಮೆಯ ಜನಕ್ಕೆ ಎಣ್ಣೆಯ ಮಹಿಮೆಯನ್ನು ಟವರ್ ಸಾಹೇಬನಿಂದ ಕಲಿಯಬೇಕಾದ ಅವಶ್ಯಕತೆ ಇರಲಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಬೆರೆಸಿ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕಿಕೊಂಡು ಹೊರಡುತ್ತಿದ್ದರು. ಸಂತೆಗೆ ಹೋಗುವ ರೈತ ದಾರಿಯಲ್ಲಿ ಗಾಡಿ ನಿಲ್ಲಿಸಿ, ಕಡಾಣಿ ಕಳಚಿ, ಗಾಲಿಯನ್ನು ಸ್ವಲ್ಪ ಹೊರಕ್ಕೆ ಸರಿಸಿ, ಅಚ್ಚು ಒಣಗಿದೆಯೇ ಎಂದು ಕಣ್ಣಿಟ್ಟು ನೋಡುತ್ತಿದ್ದುದು ಇಂದಿನ ಕಾರ್ಖಾನೆಗಳ ಎಣ್ಣೆ ತಪಾಸಣೆಗೆ ಮೂಲಪುರುಷನೆನ್ನಬಹುದು. ಗಾಲಿ ಕಿರುಗುಟ್ಟಿದ ಮೇಲೆ ಎಣ್ಣೆ ಹಾಕುವವನನ್ನು ಹಳ್ಳಿಯಲ್ಲಿ ಒಳ್ಳೆಯ ಗಾಡಿಯವನೆಂದು ಯಾರೂ ಎಣಿಸುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ರೈಲ್ವೆಗಳೂ ಇದೇ ಹರಳೆಣ್ಣೆಯನ್ನು ಯಂತ್ರಗಳಿಗೂ ದೀಪಗಳಿಗೂ ಉಪಯೋಗಿಸುತ್ತಿದ್ದವು. ಹೆಸರಾಂತ ಕ್ಯಾಸ್ಟ್ರಾಲ್ ಎಣ್ಣೆಯ ಹೆಸರೇ ಹರಳಿನ ಇಂಗ್ಲಿಷ್ ಹೆಸರಿನಿಂದ ಹುಟ್ಟಿದ್ದು.

ರೈಲು ಮೈಸೂರಿನಿಂದ ನಂಜನಗೂಡಿಗೆ ಬಂದದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಆ ಕಾಲದ ಗಾಡಿಗಳ ಅಚ್ಚಿನ ತುದಿಗಳಲ್ಲಿ ಕಬ್ಬಿಣದ ಪೆಟ್ಟಿಗೆಗಳಿದ್ದು, ಅವುಗಳೊಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ವೇಸ್ಟನ್ನು ತುರುಕಿರುತ್ತಿದ್ದರು. ಗಾಡಿ ಬಂದು ನಿಂತೊಡನೆ ಪರೀಕ್ಷಕನು ಒಂದೊಂದು ಪೆಟ್ಟಿಗೆಯನ್ನೂ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಮುಚ್ಚಳವೆತ್ತಿ, ವೇಸ್ಟು ಒಣಗಿದೆಯೇ, ನೀರು ಸೇರಿದೆಯೇ ಎಂದು ಇಣುಕಿ ಮುಂದಕ್ಕೆ ನಡೆಯುತ್ತಿದ್ದನು. ಕಾದು ಹೊಗೆಯಾಡುವ ಪೆಟ್ಟಿಗೆಗೆ ರೈಲ್ವೆಯವರ ಭಾಷೆಯಲ್ಲಿ ಹಾಟ್ ಆಕ್ಸಲ್ ಎಂದು ಹೆಸರು. ಅದನ್ನು ಗಮನಿಸದೆ ಬಿಟ್ಟರೆ ಅಚ್ಚು ಮುರಿದು ಗಾಡಿ ಹಳಿ ತಪ್ಪುವುದುಂಟು. ಮುಂದೆ ರೋಲರ್ ಬೇರಿಂಗುಗಳು ಬಂದು ಆ ತೆರೆದ ಪೆಟ್ಟಿಗೆಗಳು ಮಾಯವಾದವು; ಮೀಟರ್ ಗೇಜು ಹೋಗಿ ಬ್ರಾಡ್ ಗೇಜೂ ಬಂದಿತು. ಆದರೂ ದೊಡ್ಡ ನಿಲ್ದಾಣಗಳಲ್ಲಿ ರೈಲು ಒಳಬರುವಾಗ ಹಳಿಯ ಎರಡೂ ಬದಿಗಳಲ್ಲಿ ಸಿಬ್ಬಂದಿಯವರು ಕುಕ್ಕರುಗಾಲಲ್ಲಿ ಕೂತು ಉರುಳುವ ಗಾಲಿಗಳನ್ನೇ ದಿಟ್ಟಿಸುತ್ತಿರುವುದನ್ನು ಪ್ರಯಾಣಿಕರು ಕಂಡಿರಬಹುದು. ಅವರು ಸುಮ್ಮನೆ ಕೂತಿದ್ದಾರೆಂದು ಕಿಟಕಿಯ ಬಳಿಯಿದ್ದವರು ಭಾವಿಸುವುದೂ ಉಂಟು.

ಇನ್ನು ಆ ದುಂಡು ಗಾಜಿನ ಭಾಷೆಗೆ ಬರಬಹುದು. ಎಣ್ಣೆಯ ಮಟ್ಟ ಕೆಳಕ್ಕೆ ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಉರಿದುಹೋಗುತ್ತಿದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಯಂತ್ರದ ಅಡಿಯಲ್ಲಿ ನೆಲ ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಮಟ್ಟ ಏರಿದ್ದರೆ? ಅನನುಭವಿಗೆ ಸಂತೋಷವಾಗುತ್ತದೆ, ಅನುಭವಿಗೆ ಎದೆ ಧಸಕ್ಕೆನ್ನುತ್ತದೆ. ಯಾರೂ ಎಣ್ಣೆ ಹುಯ್ಯದಿರುವಾಗ ಎಣ್ಣೆ ತಾನಾಗಿ ಹೆಚ್ಚುವ ಪವಾಡ ಯಂತ್ರಲೋಕದಲ್ಲಿಲ್ಲ. ಹೆಚ್ಚಿದ್ದು ಎಣ್ಣೆಯಲ್ಲ, ಅದರೊಳಗೆ ಕಳ್ಳತನದಿಂದ ಬಂದು ಸೇರಿದ ಬೇರೊಂದು ದ್ರವ.

ಕೊಳ್ಳೇಗಾಲದ ಗಡಿಯಾಚೆ, ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರವು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿ ದೇಶದ ಗಮನ ಸೆಳೆದ ಸಂಗತಿಯನ್ನು ಓದುಗರು ಬಲ್ಲರು. ನೀರಿನ ಬಲದಿಂದ ತಿರುಗುವ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಬೇರಿಂಗಿನ ಎಣ್ಣೆಯನ್ನು ತಂಪಾಗಿಡುವುದಕ್ಕೆ ಎಣ್ಣೆಯೊಳಗೇ ನೀರಿನ ಕೊಳವೆಯ ಸುರುಳಿಗಳನ್ನು ಇಟ್ಟಿರುತ್ತಾರೆ. ಆ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ನೀರು ಎಣ್ಣೆಯೊಳಗೆ ಸೇರುತ್ತದೆ. ಮಟ್ಟ ದಿನೇ ದಿನೇ ಕೂದಲೆಳೆಯಷ್ಟು ಏರುತ್ತ ಹೋಗುತ್ತದೆ. ನಿನ್ನೆ ಮಟ್ಟ ಎಲ್ಲಿತ್ತೆಂಬುದನ್ನು ನೆನಪಿಟ್ಟವನು ಮಾತ್ರ ಅದನ್ನು ಕಂಡಾನು. ಡೀಸೆಲ್ ಎಂಜಿನಿನಲ್ಲಿಯೂ ಹಾಗೆಯೇ: ರೇಡಿಯೇಟರಿನ ನೀರು ಒಳಗೆ ಜಿನುಗಿದರೂ ಏರಿಕೆ, ಉರಿಯದ ಡೀಸೆಲು ಇಳಿದು ಬೆರೆತರೂ ಏರಿಕೆ. ಎರಡನೆಯದನ್ನು ಮೂಗು ಪತ್ತೆಹಚ್ಚುತ್ತದೆ.

ನೀರು ಸೇರಿದ ಎಣ್ಣೆ ಬಣ್ಣದಲ್ಲಿಯೂ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಜೇನಿನಂತೆ ತಿಳಿಯಾಗಿದ್ದುದು ಮೊದಲು ಮಸುಕಾಗಿ, ಮುಂದೆ ಹಾಲು ಬೆರೆಸಿದ ಕಾಫಿಯಂತಾಗುತ್ತದೆ. ಮಳೆಗಾಲದಲ್ಲಿ ಗಣಿಗಳ ಕಂಪ್ರೆಸರುಗಳಿಗೆ ಇದು ಬರುವುದು ಹೆಚ್ಚು. ಯಂತ್ರ ಒಳಕ್ಕೆಳೆದ ತೇವದ ಗಾಳಿಯನ್ನು ಒತ್ತಿ ತಣಿಸಿದಾಗ ಅದರಲ್ಲಿದ್ದ ನೀರು ಹನಿಗಟ್ಟುತ್ತದೆ. ದಿನವೆಲ್ಲ ದುಡಿಯುವ ಯಂತ್ರದ ಕಾವಿನಲ್ಲಿ ಆ ನೀರು ಆವಿಯಾಗಿ ಹೋಗಬಹುದು. ಆದರೆ ಮಳೆಯ ಕಾರಣ ಹತ್ತು ನಿಮಿಷ ನಡೆಸಿ, ನಿಲ್ಲಿಸಿ, ಮತ್ತೆ ಹತ್ತು ನಿಮಿಷ ನಡೆಸುವ ಯಂತ್ರ ಸಾಕಷ್ಟು ಬಿಸಿಯೇರದೆ ನೀರನ್ನು ಹೊಟ್ಟೆಯಲ್ಲಿಯೇ ಇಟ್ಟುಕೊಳ್ಳುತ್ತದೆ. ಹೆಚ್ಚು ದುಡಿದ ಯಂತ್ರಕ್ಕಿಂತ ಸೋಮಾರಿಯಾಗಿ ನಿಂತ ಯಂತ್ರ ಬೇಗ ಕೆಡುವುದು ಹೀಗೆ.

ಹಾಲುಬಣ್ಣವೆಂದಮಾತ್ರಕ್ಕೆ ನೀರೇ ಎಂದು ತೀರ್ಮಾನಿಸಬಾರದು. ಗಾಳಿಯ ಸಣ್ಣ ಗುಳ್ಳೆಗಳು ತುಂಬಿಕೊಂಡರೂ ಎಣ್ಣೆ ಹಾಗೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಿ ತಿಳಿಯುವ ಉಪಾಯ ಬಹು ಸುಲಭವಾದುದು. ಒಂದು ಶುಭ್ರವಾದ ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಿಡಿದು ಅಲುಗಾಡದಂತೆ ಇಡಬೇಕು. ಗುಳ್ಳೆಗಳು ಮೇಲಕ್ಕೇರುವುದರಿಂದ, ಗಾಳಿಯಾದರೆ ಎಣ್ಣೆ ತಳದಿಂದ ತಿಳಿಯಾಗುತ್ತ ಬರುತ್ತದೆ. ನೀರು ಕೆಳಕ್ಕಿಳಿಯುವ ವಸ್ತುವಾದ್ದರಿಂದ, ನೀರಾದರೆ ತಿಳಿಯಾಗುವುದು ಮೇಲಿನಿಂದ. ಅಥವಾ ಬಲವಾಗಿ ಬೆರೆತಿದ್ದರೆ ತಿಳಿಯಾಗುವುದೇ ಇಲ್ಲ. ಇನ್ನೊಂದು ಪರೀಕ್ಷೆಯನ್ನು ಗೃಹಿಣಿಯರಿಗೆ ವಿವರಿಸುವುದೇ ಬೇಡ. ಚೆನ್ನಾಗಿ ಕಾದ ತಗಡಿನ ಮೇಲೆ ಒಂದೇ ಒಂದು ಹನಿ ಬಿಟ್ಟರೆ, ನೀರಿರುವ ಎಣ್ಣೆ ಚಟಪಟ ಸಿಡಿಯುತ್ತದೆ; ಇಲ್ಲದ್ದು ಮೌನವಾಗಿ ಹರಡಿಕೊಳ್ಳುತ್ತದೆ. ಒದ್ದೆ ಕರಿಬೇವನ್ನು ಒಗ್ಗರಣೆಗೆ ಹಾಕಿದವರೆಲ್ಲ ಈ ಶಾಸ್ತ್ರದಲ್ಲಿ ಪಾರಂಗತರು. ಕಾರ್ಖಾನೆಯಲ್ಲಿ ಇದನ್ನು ಮಾಡುವವರು ಕನ್ನಡಕ ಧರಿಸಿರುತ್ತಾರೆಂಬುದೊಂದೇ ವ್ಯತ್ಯಾಸ.

ಕಪ್ಪಾಗುವುದು ಇನ್ನೊಂದು ಲಕ್ಷಣ. ಕಾವಿನಲ್ಲಿ ಗಾಳಿಯೊಡನೆ ಕೂಡಿ ಎಣ್ಣೆ ಮುದಿಯಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಆದರೆ ಬಣ್ಣವನ್ನು ಒಬ್ಬ ಸಾಕ್ಷಿಯಂತೆ ಮಾತ್ರ ಕೇಳಬೇಕು. ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು. ಒಂದು ಕಂಪನಿಯ ಎಣ್ಣೆ ಹೊಸದಾಗಿರುವಾಗಲೇ ಮತ್ತೊಂದಕ್ಕಿಂತ ಕಪ್ಪಗಿರಬಹುದು. ಡೀಸೆಲ್ ಎಂಜಿನಿಗೆ ಹಾಕಿದ ಎಣ್ಣೆಯಂತೂ ಸ್ವಲ್ಪ ಓಡಾಟದಲ್ಲಿಯೇ ಕಾಡಿಗೆಯಂತಾಗುತ್ತದೆ. ಅದು ಕೆಟ್ಟಿತೆಂದು ಅರ್ಥವಲ್ಲ. ಎಂಜಿನಿನೊಳಗಿನ ಮಸಿಯನ್ನು ಗೋಡೆಗೆ ಅಂಟಗೊಡದೆ ತನ್ನ ಮೈಮೇಲೆ ಹೊತ್ತುಕೊಂಡಿದೆ ಎಂದು ಅರ್ಥ. ಅದೇ ಕಪ್ಪು ಒಂದು ಗೇರುಪೆಟ್ಟಿಗೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕಾಣಿಸಿಕೊಂಡರೆ ಒಳಗೆ ಏನೋ ಸುಡುತ್ತಿದೆ.

ಈ ಕಪ್ಪಿನ ವಿಚಾರದಲ್ಲಿ ಗುಂಡ್ಲುಪೇಟೆಯ ಲಾರಿಯವರಿಗಿಂತ ಬಲ್ಲವರು ವಿರಳ. ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳು ಕವಲೊಡೆಯುವ ಊರು ಅದು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಿದ ಮೇಲೆ, ತಡವಾಗಿ ಬಂದ ಲಾರಿಗಳು ಈಚೆಯೇ ತಂಗಿ ಬೆಳಗಾಗುವುದನ್ನು ಕಾಯಬೇಕಾಯಿತು. ನಿಷೇಧವನ್ನು ಶಪಿಸುವವರೂ ಉಂಟು, ಕಾಡುಪ್ರಾಣಿಗಳ ಪರವಾಗಿ ಹರಸುವವರೂ ಉಂಟು. ಎಣ್ಣೆ ನೋಡುವ ಕೆಲಸಕ್ಕೆ ಮಾತ್ರ ಇದಕ್ಕಿಂತ ಅನುಕೂಲವಾದ ವ್ಯವಸ್ಥೆಯನ್ನು ಯಾರೂ ಏರ್ಪಡಿಸಲಾರರು. ಓಡಿ ಬಂದ ಎಂಜಿನಿನಲ್ಲಿ ಎಣ್ಣೆ ಮೇಲೆಲ್ಲ ಚೆಲ್ಲಾಡಿರುವುದರಿಂದ ಆಗಲೇ ಕಡ್ಡಿ ಅದ್ದಿದರೆ ಮಟ್ಟ ಕಡಿಮೆ ತೋರುತ್ತದೆ. ರಾತ್ರಿಯೆಲ್ಲ ನಿಂತ ಲಾರಿಯಲ್ಲಿ ಅದು ಪೂರ್ತಿ ತಳಕ್ಕಿಳಿದಿರುತ್ತದೆ. ಸಮತಟ್ಟಾದ ನೆಲ, ತಣಿದ ಎಂಜಿನು, ಬೆಳಗಿನ ಬೆಳಕು! ಕ್ಲೀನರು ಡಿಪ್‌ಸ್ಟಿಕ್ಕನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ಎತ್ತಿ ನೋಡುತ್ತಾನೆ. ಮೊದಲ ಸಲ ಎಳೆದದ್ದನ್ನೇ ನೋಡಿ ತೃಪ್ತನಾಗುವವನು ಕಲಿಯುವುದು ಇನ್ನೂ ಇದೆ. ಕೊಳವೆಯ ಗೋಡೆಗೆ ಅಂಟಿದ್ದ ಎಣ್ಣೆ ಕಡ್ಡಿಗೆ ಬಳಿದುಕೊಂಡು ಸುಳ್ಳು ಹೇಳಿರುತ್ತದೆ. ಬೆರಳ ತುದಿಯಲ್ಲಿ ಒಂದು ಹನಿ ಉಜ್ಜಿ ಮರಳಿನಂತೆ ತಗಲುತ್ತದೆಯೇ ಎಂದೂ ನೋಡುತ್ತಾನೆ. ಮುಂದೆ ಇರುವುದು ಘಟ್ಟದ ದಾರಿ. ಅಲ್ಲಿ ಎಂಜಿನು ನಿಂತರೆ ಕೂಗಿ ಕರೆಯುವುದಕ್ಕೆ ಆನೆಗಳೇ ಹೊರತು ಮನುಷ್ಯರಿಲ್ಲ.

ಕಲ್ಲಿನ ಗಣಿಗಳಲ್ಲಿ ಎಣ್ಣೆಯ ಪರಮಶತ್ರು ದೂಳು. ವ್ಯಾಪಾರದಲ್ಲಿ ಗ್ರಾನೈಟ್ ಎಂದು ಕರೆಯಲ್ಪಡುವ ಚಾಮರಾಜನಗರದ ಈ ಕರಿಕಲ್ಲು ಭೂವಿಜ್ಞಾನಿಗಳ ಲೆಕ್ಕದಲ್ಲಿ ಡಾಲರೈಟ್ ಎಂಬ ಜಾತಿಗೆ ಸೇರಿದ್ದು. ಕನ್ನಡಿಯಂಥ ಹೊಳಪು ತಾಳಿ ಹೊರದೇಶಗಳ ಸ್ಮಾರಕಗಳ ಮೇಲೆ ನಿಲ್ಲುವ ಈ ಕಲ್ಲಿನ ಪುಡಿ ಬೇರಿಂಗಿನೊಳಗೆ ಹೊಕ್ಕರೆ ಅರದಂತೆ ಕೆಲಸ ಮಾಡುತ್ತದೆ. ಅದು ಒಳಕ್ಕೆ ಬರುವುದು ಹೇಗೆ? ಬಹುಮಟ್ಟಿಗೆ ಎಣ್ಣೆ ಹುಯ್ಯುವವನ ಕೈಯಿಂದಲೇ. ತೆರೆದಿಟ್ಟ ಡಬ್ಬ, ನೆಲದ ಮೇಲೆ ಮಗುಚಿಟ್ಟಿದ್ದ ಆಲಿಕೆ, ಯಂತ್ರವನ್ನೂ ಒರೆಸಿ ಕೈಯನ್ನೂ ಒರೆಸಿದ ಬಟ್ಟೆ, ಇವು ಸಾಕು. ಎಣ್ಣೆಯ ಪೀಪಾಯಿಯ ಕಥೆ ಇನ್ನೂ ಸ್ವಾರಸ್ಯವಾದುದು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಪೀಪಾಯಿಯ ತಲೆಯ ಮೇಲೆ ಮಳೆಯ ನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಬೀಳುತ್ತದೆ. ರಾತ್ರಿಯ ತಂಪಿಗೆ ಕುಗ್ಗಿದಾಗ ಪೀಪಾಯಿ ಉಸಿರೆಳೆದುಕೊಳ್ಳುತ್ತದೆ. ಆದರೆ ಆಗ ಬಾಯಿಯ ಮೇಲಿರುವುದು ಗಾಳಿಯಲ್ಲ, ನೀರು. ಬಿರಡೆ ಬಿಗಿಯಾಗಿಯೇ ಇದ್ದರೂ ಹೀಗಾಗುತ್ತದೆ. ಸೀಲು ಒಡೆಯದ ಹೊಸ ಎಣ್ಣೆಯಲ್ಲಿ ನೀರು ಬಂದಿತೆಂದು ಅಂಗಡಿಯವನೊಡನೆ ಜಗಳವಾಡುವವರಲ್ಲಿ ಕೆಲವರು ತಮ್ಮ ಅಂಗಳವನ್ನೇ ಮೊದಲು ನೋಡಬೇಕು. ಪೀಪಾಯಿಯನ್ನು ಸೂರಿನ ಕೆಳಗಿಡಬೇಕು. ಸೂರಿಲ್ಲದಿದ್ದರೆ ಅಡ್ಡಲಾಗಿ ಮಲಗಿಸಿ, ಬಿರಡೆಗಳೆರಡೂ ಗಡಿಯಾರದ ಮೂರು ಮತ್ತು ಒಂಬತ್ತರ ಅಂಕೆಗಳಂತೆ ಪಕ್ಕಕ್ಕೆ ಬರುವ ಹಾಗೆ ಹೊರಳಿಸಿಡಬೇಕು. ಆಗ ಎರಡು ಬಿರಡೆಗಳೂ ಒಳಗಡೆ ಎಣ್ಣೆಯಲ್ಲಿ ಮುಳುಗಿರುವುದರಿಂದ ಪೀಪಾಯಿಗೆ ಉಸಿರೆಳೆಯುವ ದಾರಿಯೇ ಇರುವುದಿಲ್ಲ.

ಎಣ್ಣೆ ಹೆಚ್ಚಾಗುವುದೂ ಅಪಾಯವೇ ಎಂಬುದನ್ನು ಬಲ್ಲವರು ಇದೇ ಜಿಲ್ಲೆಯ ರೇಷ್ಮೆಯ ಜನ. ಸಂತೆಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲಗಳಲ್ಲಿ ನೂಲು ಬಿಚ್ಚುವ ಸರ್ಕಾರಿ ಫಿಲೇಚರುಗಳು ನಡೆದ ಸೀಮೆ ಇದು. ರಾಟೆಯ ಕೀಲಿನಿಂದ ಒಂದು ತೊಟ್ಟು ಎಣ್ಣೆ ಹಾರಿ ನೂಲಿಗೆ ಬಿದ್ದರೆ ಆ ಕಲೆ ಹೋಗಿಸುವುದು ಬಲು ಕಷ್ಟ. ಲಡಿಯ ಬೆಲೆ ಇಳಿಯುತ್ತದೆ. ಒಣಗಿದ ಕೀಲು ನೂಲನ್ನು ಕಡಿಯುತ್ತದೆ, ತೊಯ್ದ ಕೀಲು ನೂಲನ್ನು ಕೆಡಿಸುತ್ತದೆ. ಎಣ್ಣೆಯಲ್ಲಿ ಉದಾರತನ ಎಲ್ಲ ಕಡೆಯೂ ಗುಣವಲ್ಲ. ಗೇರುಪೆಟ್ಟಿಗೆಯಲ್ಲಿ ಕೂಡ ಮಟ್ಟ ಮೀರಿ ತುಂಬಿದರೆ ಹಲ್ಲುಗಳು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು, ನೊರೆಯೆಬ್ಬಿಸಿ, ಕಾಯಿಸಿಬಿಡುತ್ತವೆ.

ಇಷ್ಟೆಲ್ಲ ತಿಳಿದವನನ್ನೂ ಗಾಜು ಮೋಸಗೊಳಿಸಬಲ್ಲದು. ಪೂರ್ತಿ ತುಂಬಿದ ಸೈಟ್ ಗ್ಲಾಸೂ ಪೂರ್ತಿ ಬರಿದಾದ ಸೈಟ್ ಗ್ಲಾಸೂ ನೋಡುವುದಕ್ಕೆ ಒಂದೇ ಬಗೆಯಾಗಿರುತ್ತವೆ! ಮಟ್ಟದ ಗೆರೆ ಎರಡರಲ್ಲಿಯೂ ಕಾಣುವುದಿಲ್ಲ. ಎಣ್ಣೆ ತಿಳಿಯಾಗಿದ್ದರೆ ತುಂಬಿದ ಗಾಜು ಬರಿದಾಗಿ ತೋರುತ್ತದೆ. ಗಾಜು ಹಳದಿಗಟ್ಟಿದ್ದರೆ ಬರಿದಾದದ್ದು ತುಂಬಿದಂತೆ ತೋರುತ್ತದೆ. ವರ್ಷಗಟ್ಟಲೆ ಒಂದೇ ಎತ್ತರದಲ್ಲಿ ಎಣ್ಣೆ ನಿಂತ ಗಾಜಿನ ಒಳಮೈಯಲ್ಲಿ ಅದೇ ಎತ್ತರಕ್ಕೆ ಒಂದು ಕಂದುಗೆರೆ ಕಟ್ಟುತ್ತದೆ. ಎಣ್ಣೆ ಎಂದೋ ಸೋರಿಹೋಗಿರುತ್ತದೆ, ಗೆರೆ ಮಾತ್ರ ಠಾಕುಠೀಕಾಗಿ ಕೆಂಪು ಬೊಟ್ಟಿನ ನಡುವೆ ನಿಂತಿರುತ್ತದೆ. ದಿನವೂ ಬಂದು ನೋಡುವವನು ದಿನವೂ ಅದನ್ನೇ ನೋಡಿ ಹೋಗುತ್ತಾನೆ. ಆದ್ದರಿಂದ ಬಲ್ಲವರು ಗಾಜಿನ ಪಕ್ಕದಿಂದ ಟಾರ್ಚು ಬಿಟ್ಟು ನೋಡುತ್ತಾರೆ. ಯಂತ್ರವನ್ನು ನಿಲ್ಲಿಸುವಾಗಲೋ ಹೊರಡಿಸುವಾಗಲೋ ಮಟ್ಟ ಅಲುಗುತ್ತದೆಯೇ ಎಂದು ಗಮನಿಸುತ್ತಾರೆ. ಅಲುಗದ ಎಣ್ಣೆ ಎಣ್ಣೆಯಲ್ಲ, ಅದರ ಚಿತ್ರ. ಯಂತ್ರವನ್ನು ಕೂರಿಸುವಾಗ ಈ ಗಾಜು ಗೋಡೆಯ ಕಡೆಗೆ ಮುಖ ಮಾಡುವಂತೆ ಕೂರಿಸಿದ ಮಹಾನುಭಾವರೂ ಇದ್ದಾರೆ. ಅಂಥ ಕಡೆ ಮೊಣಕಾಲೂರಿ ಕನ್ನಡಿ ಹಿಡಿದು ನೋಡಬೇಕು. ನೋಡುವವರ ಸಂಖ್ಯೆ ತಾನಾಗಿ ಕಡಿಮೆಯಾಗುತ್ತದೆ.

ಮಾನವನ ಕಣ್ಣಿಗೂ ಮೇರೆಯುಂಟು. ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 40 ಭಾಗಕ್ಕಿಂತ ಚಿಕ್ಕದಾದ ಕಣವನ್ನು ಬರಿಗಣ್ಣು ಕಾಣಲಾರದು. ಬೇರಿಂಗನ್ನು ಸವೆಸುವ ದೂಳಿನ ಬಹುಭಾಗ ಅದಕ್ಕಿಂತಲೂ ಚಿಕ್ಕದು. ತಿಳಿಯಾಗಿ ಕಾಣುವ ಎಣ್ಣೆಯಲ್ಲಿಯೂ ಕೊಂಚ ನೀರು ಕರಗಿ ಅಡಗಿರಬಹುದು. ಆದಕಾರಣ ದೊಡ್ಡ ಕಾರ್ಖಾನೆಗಳು ಆಗಾಗ ಎಣ್ಣೆಯ ಮಾದರಿಯನ್ನು ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸುತ್ತವೆ. ಹಾಗೆಂದು ಕಣ್ಣಿನ ಕೆಲಸ ಹಳೆಯದಾಯಿತೆನ್ನುವಂತಿಲ್ಲ. ಪ್ರಯೋಗಶಾಲೆಯ ವರದಿ ಬರುವುದಕ್ಕೆ ದಿನಗಳು ಹಿಡಿಯುತ್ತವೆ. ನೀರು ನುಗ್ಗಿದ ಬೇರಿಂಗು ಅಷ್ಟು ದಿನ ಕಾಯುವುದಿಲ್ಲ.

ಎಣ್ಣೆ ನೋಡುವವನಿಗೆ ಕಾರ್ಖಾನೆಯಲ್ಲಿ ಸಿಕ್ಕುವ ಸ್ಥಾನವನ್ನು ಕುರಿತು ಒಂದು ಮಾತು ಹೇಳದೆ ಇರುವಂತಿಲ್ಲ. ಸಾಮಾನ್ಯವಾಗಿ ಅವನು ಎಲ್ಲರಿಗಿಂತ ಕಡಿಮೆ ಸಂಬಳದವನು, ಹೊಸದಾಗಿ ಸೇರಿದವನು. ಅವನ ಕೈಗೆ ಒಂದು ರಿಜಿಸ್ಟರು ಕೊಟ್ಟಿರುತ್ತಾರೆ. ಅದರ ಪ್ರತಿಯೊಂದು ಅಂಕಣದಲ್ಲಿಯೂ ‘ಸರಿ’ ಎಂದು ಬರೆಯುವುದು ಅವನ ಕರ್ತವ್ಯ. ‘ಸರಿಯಿಲ್ಲ’ ಎಂದು ಬರೆದ ದಿನ ಯಂತ್ರ ನಿಲ್ಲಿಸಬೇಕಾಗುತ್ತದೆ, ಮೇಸ್ತ್ರಿ ಗದರುತ್ತಾನೆ, ಮಾಲು ಹೊರಡುವುದು ತಡವಾಗುತ್ತದೆ. ಎರಡು ಸಲ ಗದರಿಸಿಕೊಂಡ ಹುಡುಗ ಮೂರನೆಯ ಸಲ ಗಾಜಿನ ಬಳಿಗೆ ಹೋಗದೆಯೇ ‘ಸರಿ’ ಬರೆಯುವುದನ್ನು ಕಲಿಯುತ್ತಾನೆ. ತಿಂಗಳಿಡೀ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ‘ಸರಿ’ಗಳು ಸಾಲುಗಟ್ಟಿದ ರಿಜಿಸ್ಟರನ್ನು ನೋಡಿ ಮೆಚ್ಚುವ ಮ್ಯಾನೇಜರನು ನಿಜಕ್ಕೂ ಬೆಚ್ಚಬೇಕು. ‘ಎರಡು ಗೆರೆ ಇಳಿದಿದೆ’, ‘ಸ್ವಲ್ಪ ಮಸುಕು’, ‘ನೆಲದ ಮೇಲೆ ಹನಿ’ ಎಂಬ ವಕ್ರಾಕ್ಷರಗಳಿರುವ ಪುಸ್ತಕ ಅದಕ್ಕಿಂತ ನೂರು ಪಾಲು ಬೆಲೆಯುಳ್ಳದ್ದು. ಅದನ್ನು ಬರೆದ ಹುಡುಗನಿಗೆ ಗದರಿಕೆಗೆ ಬದಲಾಗಿ ಒಂದು ಲೋಟ ಕಾಫಿ ಕೊಡಿಸುವ ಮಾಲೀಕನು ಬೇರಿಂಗಿನ ದುಡ್ಡನ್ನು ಉಳಿಸಿಕೊಂಡಂತೆಯೇ.

ಇದರಲ್ಲಿ ದುಡ್ಡಿಗಿಂತ ಮೇಲಾದುದೂ ಅಡಗಿದೆ. ತಿರುಗುವ ಯಂತ್ರದ ಬಳಿ ಬಾಗಿ ಗಾಜನ್ನು ಒರೆಸಲು ಹೋದವನ ಪಂಚೆಯ ಅಂಚನ್ನೋ ತೋಳನ್ನೋ ಬೆಲ್ಟು ಸೆಳೆದುಕೊಂಡರೆ ಕೈಬೆರಳುಗಳು ಉಳಿಯುವ ಭರವಸೆಯಿಲ್ಲ. 1948ರ ಕಾರ್ಖಾನೆ ಕಾಯಿದೆಯ 22ನೆಯ ವಿಧಿಯು ಈ ಅಪಾಯವನ್ನು ಎಣಿಸಿಯೇ, ನಡೆಯುವ ಯಂತ್ರವನ್ನು ಪರೀಕ್ಷಿಸಲೋ ಅದಕ್ಕೆ ಎಣ್ಣೆ ಹಾಕಲೋ ತರಬೇತಿ ಪಡೆದ ವಯಸ್ಕ ಗಂಡಾಳನ್ನು ಮಾತ್ರ, ಮೈಗೆ ಬಿಗಿಯಾದ ಉಡುಪು ತೊಡಿಸಿ, ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಕಳುಹಿಸಬೇಕೆಂದು ವಿಧಿಸಿತು. ಅದನ್ನು ರಚಿಸಿದವರು ದೂರದ ದಿಲ್ಲಿಯಲ್ಲಿ ಕೂತು ಬರೆದರೂ ಬಿಗಿಯಾದ ಉಡುಪಿನ ಮಾತನ್ನು ಮರೆಯಲಿಲ್ಲವೆಂಬುದು ಗಮನಾರ್ಹ. ನಿಲ್ಲಿಸಿ ನೋಡಬಹುದಾದುದನ್ನು ನಿಲ್ಲಿಸಿಯೇ ನೋಡುವುದು ಅದಕ್ಕಿಂತಲೂ ಒಳ್ಳೆಯದು.

ಮನೆಯಲ್ಲಿ ಕುಳಿತು ಇದನ್ನು ಓದುವವರಿಗೆ ಕಂಪ್ರೆಸರೂ ಇಲ್ಲ, ಕಲ್ಲುಗಣಿಯೂ ಇಲ್ಲ. ಆದರೆ ಹೊಲಿಗೆ ಯಂತ್ರ ಇದೆ, ಮೂಲೆಯಲ್ಲಿ ಸ್ಕೂಟರಿದೆ. ಹೊಲಿಗೆ ಯಂತ್ರಕ್ಕೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಕೆಲವು ಮನೆಗಳಲ್ಲುಂಟು. ಅದು ಕೆಲವು ತಿಂಗಳಲ್ಲಿ ಅಂಟಾಗಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಯಂತ್ರವನ್ನೇ ಬಿಗಿದುಬಿಡುತ್ತದೆ. ಸ್ಕೂಟರಿನ ಎಣ್ಣೆಯ ಕಡ್ಡಿಯನ್ನು ಅದನ್ನು ಕೊಂಡ ದಿನದಿಂದ ಎಳೆದು ನೋಡದವರು ಬರುವ ಭಾನುವಾರ ಬೆಳಿಗ್ಗೆ, ಚಾಲೂ ಮಾಡುವ ಮೊದಲು, ಎಳೆದು ನೋಡಬಹುದು.

ಕಾರ್ಖಾನೆಗಳಲ್ಲಿ ನುರಿತ ಮೇಸ್ತ್ರಿಗಳು ಒಂದು ಅಗ್ಗದ ಉಪಾಯವನ್ನು ಪಾಲಿಸುತ್ತಾರೆ. ಹೊಸ ಎಣ್ಣೆ ತುಂಬಿದ ದಿನವೇ ಅದೇ ಪೀಪಾಯಿಯಿಂದ ಒಂದು ಸಣ್ಣ ಗಾಜಿನ ಸೀಸೆಯಲ್ಲಿ ಎಣ್ಣೆ ಹಿಡಿದು, ಬಿಗಿಯಾಗಿ ಮುಚ್ಚಿ, ತಾರೀಖು ಬರೆದ ಚೀಟಿ ಅಂಟಿಸಿ, ಬಿಸಿಲು ತಾಗದ ಕಪಾಟಿನಲ್ಲಿಡುತ್ತಾರೆ. ತಿಂಗಳಿಗೊಮ್ಮೆ ಯಂತ್ರದಿಂದ ಹಿಡಿದ ಎಣ್ಣೆಯನ್ನು ಅದರ ಪಕ್ಕದಲ್ಲಿಟ್ಟು, ಹಿಂದೆ ಒಂದು ಬಿಳಿಯ ಕಾಗದ ಹಿಡಿದು, ಬೆಳಕಿಗೆ ಎತ್ತಿ ನೋಡುತ್ತಾರೆ. ಸೀಸೆಗಳೆರಡೂ ಒಂದೇ ಅಳತೆಯವಾಗಿರಬೇಕು. ದಪ್ಪ ಸೀಸೆಯಲ್ಲಿ ತಿಳಿ ಎಣ್ಣೆಯೂ ಕಪ್ಪಾಗಿ ಕಾಣುತ್ತದೆ.